ಟಿಕ್ ಟಿಕ್ ಸದ್ದು ಬಂತಾ? ಮೊದಲು ವೈರು ಕೀಳಿ

ಹೋದ ಸಂಚಿಕೆಯಲ್ಲಿ ಫೋನ್ ಬ್ಯಾಟರಿ ಬಗ್ಗೆ ಬರೆದು, ಕೊನೆಗೆ ಸುಮ್ನೆ ಒಂದು ಪ್ರಶ್ನೆ ಕೇಳಿದ್ದೆ: ನಿಮ್ಮ ಮನೆಯ ಫೋಟೋಗಳೆಲ್ಲ ಈಗ ಎಲ್ಲಿವೆ? ಬ್ಯಾಟರಿಗಿಂತ ಜಾಸ್ತಿ ಪತ್ರ ಇದಕ್ಕೇ ಬಂತು. ಡೊಂಬಿವಲಿ, ಮಾಟುಂಗಾ, ಠಾಣೆ, ಪುಣೆ, ಅತ್ತ ವಾಸ್ಕೋದಿಂದ ಕೂಡ. ಅರ್ಧಕ್ಕರ್ಧ ಜನರ ಉತ್ತರ ಒಂದೇ, "ಹಾರ್ಡ್ ಡಿಸ್ಕಿನಲ್ಲಿ ಬ್ಯಾಕಪ್ ಮಾಡಿಟ್ಟಿದ್ದೇವೆ". ಸಂತೋಷ. ಲ್ಯಾಪ್‌ಟಾಪಿನಲ್ಲೂ ಇದೆಯಾ ಅಂತ ತಿರುಗಿ ಕೇಳಿದರೆ, "ಇಲ್ಲ, ಜಾಗ ಸಾಲಲಿಲ್ಲ, ಅಲ್ಲಿಂದ ಡಿಲೀಟ್ ಮಾಡಿದೆವು" ಅನ್ನುತ್ತಾರೆ. ಹಾಗಾದರೆ ಅದು ಬ್ಯಾಕಪ್ ಅಲ್ಲ ಮಾರಾಯ್ರೆ, ಬಾಡಿಗೆ ಮನೆ ಬದಲಾಯಿಸಿದ ಹಾಗೆ. ಸಾಮಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು, ಅಷ್ಟೇ.

ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಮೊದಲನೆಯದು ಸ್ವಲ್ಪ ಅರ್ಜೆಂಟು.

ಪ್ರಶ್ನೆ: ನಮ್ಮ ಮಾವ ಮೂವತ್ತು ವರ್ಷ ಮುಂಬಯಿಯ ತಾಳಮದ್ದಳೆಗಳಲ್ಲಿ ಅರ್ಥ ಹೇಳಿದವರು. ಅವರ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ ಒಂದು 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೆವು. ಹೋದ ವಾರ ಮಗನ ಕಾಲಿಗೆ ಕೇಬಲ್ ಸಿಕ್ಕಿ ಡಿಸ್ಕ್ ಟೇಬಲ್ ಮೇಲಿಂದ ಬಿತ್ತು. ಈಗ ಹಾಕಿದರೆ ಟಿಕ್, ಟಿಕ್, ಟಿಕ್ ಅನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಪಕ್ಕದ ಮನೆಯವರು ಫ್ರೀಜರ್‌ನಲ್ಲಿ ಒಂದು ರಾತ್ರಿ ಇಟ್ಟರೆ ಸರಿಯಾಗುತ್ತದೆ ಅಂದರು. ಇಡಲಾ?
— ಒಬ್ಬ ಸೊಸೆ, ಡೊಂಬಿವಲಿ

ಬೇಡ ಅಕ್ಕಾ. ಫ್ರೀಜರ್ ಬೇಡವೇ ಬೇಡ. ಇನ್ನೊಂದು ಸಲ ಕಂಪ್ಯೂಟರಿಗೆ ಹಾಕಿ ನೋಡುವುದೂ ಬೇಡ. ವೈರು ತೆಗೆದು ಒಂದು ಕಡೆ ಇಟ್ಟುಬಿಡಿ.

ಯಾಕೆ ಅಂತ ಹೇಳುತ್ತೇನೆ. ಆ ಡಬ್ಬಿಯೊಳಗೆ ಕನ್ನಡಿಯಂಥ ತಟ್ಟೆಗಳಿವೆ. ಇಂಥ ಸಣ್ಣ ಡಿಸ್ಕುಗಳಲ್ಲಿ ಅವು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಅದರ ಮೇಲೆ ಓದುವ ಹೆಡ್ ಹಾರಾಡುತ್ತಿರುತ್ತದೆ, ತಟ್ಟೆಗೆ ತಾಗದೆ. ನಡುವೆ ಇರುವ ಸಂದು ಕೆಲವೇ ನ್ಯಾನೋಮೀಟರ್. ಒಂದು ಕೂದಲಿನ ದಪ್ಪ ಅದಕ್ಕಿಂತ ಸಾವಿರಾರು ಪಟ್ಟು ಜಾಸ್ತಿ. ಓಡುತ್ತಿರುವಾಗ ಬಿದ್ದರೆ ಹೆಡ್ ಹೋಗಿ ತಟ್ಟೆಗೆ ಬಡಿಯುತ್ತದೆ. ಆಮೇಲೆ ಅದಕ್ಕೆ ದಾರಿ ಸಿಗುವುದಿಲ್ಲ. ಹುಡುಕುತ್ತದೆ, ಸಿಗಲಿಲ್ಲ ಅಂತ ಹಿಂದೆ ಬರುತ್ತದೆ, ಮತ್ತೆ ಹೋಗುತ್ತದೆ. ನಿಮಗೆ ಕೇಳಿಸುತ್ತಿರುವ ಟಿಕ್ ಟಿಕ್ ಅದೇ. ಹೆಡ್ ಮುರಿದಿದ್ದರೆ ಪ್ರತಿ ಟಿಕ್‌ಗೂ ತಟ್ಟೆಯ ಮೇಲೆ ಗೀರು ಬೀಳುತ್ತಿರಬಹುದು. ಗೀರು ಬಿದ್ದ ಜಾಗದಲ್ಲಿ ಮಾವನವರ ಕರ್ಣ ಇದ್ದನೋ, ಕೌರವ ಇದ್ದನೋ, ಅವನು ಯಾವ ಎಂಜಿನಿಯರಿಗೂ ಸಿಗುವುದಿಲ್ಲ.

ಫ್ರೀಜರ್ ಕಥೆ ಹಳೇ ಕಾಲದ್ದು. ಯಾರದೋ ಯಾವುದೋ ಡಿಸ್ಕು ಹಾಗೆ ಹತ್ತು ನಿಮಿಷ ನಡೆದದ್ದೂ ಇರಬಹುದು. ಆದರೆ ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಲೋಟದ ಮೈಮೇಲೆ ಡೊಂಬಿವಲಿ ಗಾಳಿಗೆ ಎರಡು ನಿಮಿಷದಲ್ಲಿ ಏನಾಗುತ್ತದೆ ನೋಡಿದ್ದೀರಲ್ವಾ? ತಟ್ಟೆ ಮೇಲೂ ಅದೇ ಆಗುತ್ತದೆ. ನೀರಿನ ಹನಿ ಮೇಲೆ ಹೆಡ್ ಓಡಿಸಿದ ಹಾಗೆ.

ಈಗ ಡೇಟಾ ರಿಕವರಿ ಮಾಡುವವರ ಹತ್ತಿರವೇ ಹೋಗಬೇಕು. ಬೀದಿಕೊನೆಯ ಕಂಪ್ಯೂಟರ್ ಅಂಗಡಿಗೆ ಅಲ್ಲ. ಅಂಗಡಿಯ ಹುಡುಗ ಒಳ್ಳೆಯವನೇ, ಆದರೆ ಅವನು ಸ್ಕ್ರೂ ಬಿಚ್ಚಿ ಫ್ಯಾನ್ ಕೆಳಗೆ ಡಿಸ್ಕ್ ತೆರೆದ ಅಂದರೆ ಧೂಳು ಒಳಗೆ ಹೋಯಿತು, ಮುಗಿಯಿತು. ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋಗುವುದಿದ್ದರೂ ಮೊದಲು ಫೋನಿನಲ್ಲಿ ಕೇಳಿಕೊಳ್ಳಿ: ಧೂಳಿಲ್ಲದ ಕ್ಲೀನ್ ರೂಮ್ ನಿಮ್ಮಲ್ಲೇ ಇದೆಯಾ, ಇಲ್ಲಾ ಬೇರೆಯವರಿಗೆ ಕಳಿಸುತ್ತೀರಾ? ತೆರೆಯುವ ಮೊದಲು ಅಂದಾಜು ಹೇಳುತ್ತೀರಾ? ಡೇಟಾ ಬರದಿದ್ದರೆ ಎಷ್ಟು ಕೊಡಬೇಕು? ಹೆಡ್ ಬದಲಾಯಿಸಲು ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್ ಬೇಕಾಗುತ್ತದೆ, ಅದರ ದುಡ್ಡು ಬೇರೆ. ಒಟ್ಟು ಖರ್ಚು ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು ಆಗಬಹುದು, ಮನಸ್ಸು ಗಟ್ಟಿ ಮಾಡಿಕೊಳ್ಳಿ. ವಾರಂಟಿ ಇದೆಯಲ್ಲ ಅಂತ ಖುಷಿಪಡಬೇಡಿ. ವಾರಂಟಿಯಲ್ಲಿ ಬರುವುದು ಖಾಲಿ ಡಿಸ್ಕು. ಒಳಗಿನದಕ್ಕೆ ಅವರು ಜವಾಬ್ದಾರರಲ್ಲ, ಹಾಗಂತ ಬರೆದೇ ಇರುತ್ತದೆ. ಕೊಡುವಾಗ ಒಂದು ಚೀಟಿಯಲ್ಲಿ ತಾಳಮದ್ದಳೆಯ ಫೋಲ್ಡರಿನ ಹೆಸರು ಬರೆದುಕೊಡಿ, ಅದನ್ನು ಮೊದಲು ತೆಗೆಯಿರಿ ಅನ್ನಿ. ಸಿನಿಮಾಗಳು ಹೋದರೆ ಹೋಗಲಿ.

ಇಷ್ಟೆಲ್ಲ ಮಾಡುವ ಮೊದಲು ಒಂದು ಮಾತು ಹೇಳಿ. ಆ ಕ್ಯಾಸೆಟ್‌ಗಳು ಎಲ್ಲಿ? ಕಂಪ್ಯೂಟರಿಗೆ ಹಾಕಿಸಿದ ಮೇಲೆ ಗುಜರಿ ಕೊಳ್ಳುವ ಭಂಗಾರ್‌ನವನಿಗೆ ಕೊಟ್ಟಿಲ್ಲ ತಾನೇ? ಮಾಳಿಗೆಯ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲೋ, ಊರಿಗೆ ಕಳಿಸಿದ ಟ್ರಂಕಿನಲ್ಲೋ ಇದ್ದರೆ ನಿಮ್ಮ ನಿಜವಾದ ಬ್ಯಾಕಪ್ ಅದೇ. ಬೂಷ್ಟು ಹಿಡಿದಿದ್ದರೆ ಹಾಗೇ ಟೇಪ್ ರೆಕಾರ್ಡರಿಗೆ ಹಾಕಬೇಡಿ, ಮೊದಲು ಗೊತ್ತಿದ್ದವರಿಂದ ಶುಚಿ ಮಾಡಿಸಿ. ಮತ್ತೆ, ಅವತ್ತು ಕಂಪ್ಯೂಟರಿಗೆ ಹಾಕಿಕೊಟ್ಟವರನ್ನು ಕೇಳಿ, ಅವರ ಹತ್ತಿರ ಒಂದು ಕಾಪಿ ಉಳಿದಿರಬಹುದು. ಮಾವನವರ ಜೊತೆ ಅರ್ಥ ಹೇಳುತ್ತಿದ್ದವರ ಮಕ್ಕಳನ್ನೂ ಕೇಳಿ. ತಾಳಮದ್ದಳೆಯವರು ರೆಕಾರ್ಡಿಂಗ್ ಹಂಚಿಕೊಳ್ಳದೆ ಇರುವ ಜನ ಅಲ್ಲವೇ ಅಲ್ಲ.

ಪ್ರಶ್ನೆ: ಸರ್, ಹೊಸ ಎಕ್ಸ್‌ಟರ್ನಲ್ ಡಿಸ್ಕ್ ತೆಗೆದುಕೊಳ್ಳಬೇಕು. ಸೀಗೇಟ್, ಡಬ್ಲ್ಯುಡಿ, ತೋಷಿಬಾ, ಯಾವುದು ಜಾಸ್ತಿ ಬಾಳುತ್ತದೆ? ರಿವ್ಯೂ ಓದಿ ಓದಿ ತಲೆ ಕೆಟ್ಟಿದೆ. ಒಂದೊಂದರ ಕೆಳಗೂ "ಆರು ತಿಂಗಳಿಗೆ ಹೋಯಿತು" ಅಂತ ಹತ್ತು ಜನ ಬರೆದಿದ್ದಾರೆ.
— ಹಿಂಜವಡಿಯಲ್ಲಿ ಕೆಲಸ, ವಾಕಡ್‌ನಲ್ಲಿ ಮನೆ, ಪುಣೆ

ನೆಟ್ಟಗೆ ಓಡುತ್ತಿರುವ ಡಿಸ್ಕಿಗೆ ಯಾರೂ ರಿವ್ಯೂ ಬರೆಯುವುದಿಲ್ಲ. ಅದು ಮೊದಲನೆಯದು. ಎರಡನೆಯದು, ಹಾರ್ಡ್ ಡಿಸ್ಕ್ ತಯಾರಿಸುವ ಕಂಪನಿಗಳು ಜಗತ್ತಿನಲ್ಲಿ ಈಗ ಉಳಿದಿರುವುದೇ ನೀವು ಹೇಳಿದ ಆ ಮೂರು. ಬೇರೆ ಯಾವ ಹೆಸರಿನ ಡಬ್ಬಿ ತಂದರೂ ಒಳಗೆ ಇವರಲ್ಲೇ ಒಬ್ಬರ ಡಿಸ್ಕು ಇರುತ್ತದೆ.

ಲೆಕ್ಕ ಬೇಕು ಅಂದರೆ, ಬ್ಯಾಕ್‌ಬ್ಲೇಜ್ ಅಂತ ಅಮೆರಿಕದ ಒಂದು ಕ್ಲೌಡ್ ಕಂಪನಿ ಇದೆ. ಲಕ್ಷಗಟ್ಟಲೆ ಡಿಸ್ಕ್ ಓಡಿಸುತ್ತದೆ, ಯಾವ ಮಾಡೆಲ್ ಎಷ್ಟು ಸತ್ತವು ಅಂತ ವರ್ಷವರ್ಷ ಬಹಿರಂಗವಾಗಿ ಪ್ರಕಟಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸಾಯುವುದು ವರ್ಷಕ್ಕೆ ನೂರರಲ್ಲಿ ಸುಮಾರು ಒಂದೂವರೆ. ಒಂದೇ ಕಂಪನಿಯ ಒಂದು ಮಾಡೆಲ್ ಚೆನ್ನಾಗಿರುತ್ತದೆ, ಪಕ್ಕದ ಮಾಡೆಲ್ ಕೈಕೊಟ್ಟಿರುತ್ತದೆ. ಹಾಗಾಗಿ ಕಂಪನಿ ಹೆಸರು ಹಿಡಿದು ಜಗಳ ಮಾಡಿ ಪ್ರಯೋಜನ ಇಲ್ಲ. ಅದಕ್ಕಿಂತ ಮುಖ್ಯ, ಅವು ಎಸಿ ರೂಮಿನಲ್ಲಿ ಕೂತಲ್ಲೇ ಕೂತಿರುವ ದೊಡ್ಡ ಡಿಸ್ಕುಗಳು. ಹಿಂಜವಡಿ ಟ್ರಾಫಿಕ್ಕಿನಲ್ಲಿ ಟಿಫಿನ್ ಡಬ್ಬಿ ಜೊತೆ ಬ್ಯಾಗಿನಲ್ಲಿ ಕುಲುಕಾಡುವ ಡಿಸ್ಕಿನ ಲೆಕ್ಕ ಅದರಲ್ಲಿ ಇಲ್ಲ.

ಸರಿ, ಸಾಯುವ ಮೊದಲು ಸೂಚನೆ ಕೊಡುತ್ತದಾ? ಕೆಲವೊಮ್ಮೆ. ಡಿಸ್ಕುಗಳಲ್ಲಿ ಸ್ಮಾರ್ಟ್ ಅಂತ ಒಂದು ವ್ಯವಸ್ಥೆ ಇದೆ, ತನ್ನ ಆರೋಗ್ಯದ ಲೆಕ್ಕ ತಾನೇ ಬರೆದುಕೊಳ್ಳುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿ ನೋಡಿ. ಓದಲಾಗದೆ ಬಾಕಿ ಉಳಿದ ಸೆಕ್ಟರ್ (ಡೇಟಾ ಬರೆಯುವ ಸಣ್ಣ ಖಾನೆ), ಕೆಟ್ಟಿದೆ ಅಂತ ಬದಲಿ ಜಾಗ ಕೊಟ್ಟ ಸೆಕ್ಟರ್, ಈ ಎರಡು ಸಾಲಿನ ಸಂಖ್ಯೆ ಏರುತ್ತಿದ್ದರೆ ಅವತ್ತೇ ಎಲ್ಲವನ್ನೂ ಬೇರೆ ಕಡೆ ಕಾಪಿ ಮಾಡಿ. ಅದರಲ್ಲಿ ಎಚ್ಚರಿಕೆಯ ಹಳದಿ ಬಣ್ಣ ಬಂದರೆ ನಂಬಿ. ಎಲ್ಲ ಸರಿ ಅನ್ನುವ ನೀಲಿ ಬಣ್ಣ ಇದೆ ಅಂತ ಮಾತ್ರ ನಿಶ್ಚಿಂತೆಯಿಂದ ಮಲಗಬೇಡಿ. ಗೂಗಲ್‌ನವರು 2007ರಲ್ಲಿ ತಮ್ಮ ಡಿಸ್ಕುಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಸತ್ತ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ, ನೂರಕ್ಕೆ 56, ಮುಖ್ಯವಾದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರಿಸದೆ ಹೋಗಿದ್ದವು.

ಆದ್ದರಿಂದ ನನ್ನನ್ನು ಕೇಳಿದರೆ, ಒಂದು "ಒಳ್ಳೆಯ" ಡಿಸ್ಕ್ ಹುಡುಕುವ ಬದಲು ಎರಡು ಸಾಧಾರಣ ಡಿಸ್ಕ್ ತೆಗೆದುಕೊಳ್ಳಿ. ಬೇರೆ ಬೇರೆ ಕಂಪನಿಯದ್ದು, ಅದೂ ಬೇರೆ ಬೇರೆ ತಿಂಗಳಲ್ಲಿ. ಒಂದೇ ದಿನ ಒಂದೇ ಅಂಗಡಿಯಿಂದ ಅವಳಿ ಜವಳಿ ತಂದರೆ ಒಂದೇ ಲಾಟಿನ ದೋಷ ಎರಡರಲ್ಲೂ ಇರಬಹುದು. 4 ಟಿಬಿಯದ್ದು ಒಂದರ ಬದಲು 2 ಟಿಬಿಯವು ಎರಡು. ಎರಡರಲ್ಲೂ ಅದದೇ ಫೈಲು. ಇನ್ನೊಂದು ಸಣ್ಣ ವಿಷಯ: ಕೆಲವು ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಪೋರ್ಟ್ ನೇರವಾಗಿ ಡಿಸ್ಕಿನ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಪೋರ್ಟ್ ಸಡಿಲವಾದರೆ ಡಬ್ಬಿ ಬಿಚ್ಚಿ ಬೇರೆ ಕೇಸಿಗೆ ಹಾಕಿಕೊಳ್ಳುವ ದಾರಿ ಇರುವುದಿಲ್ಲ. ಹಾಗಾಗಿ ಕೇಬಲ್ ಎಳೆದಾಡಬೇಡಿ, ಕೇಬಲ್ ಹಿಡಿದು ಡಿಸ್ಕ್ ನೇತಾಡಿಸಬೇಡಿ. ತೆಗೆಯುವ ಮೊದಲು ಇಜೆಕ್ಟ್ ಮಾಡಿ, ಚಕ್ರ ನಿಲ್ಲಲಿ, ಹತ್ತು ಸೆಕೆಂಡು.

ದೊಡ್ಡದಾಗಿ ಬುದ್ಧಿ ಹೇಳುತ್ತಿದ್ದೇನಲ್ವಾ, ನನ್ನ ಕಥೆಯನ್ನೂ ಕೇಳಿಬಿಡಿ. ಮಗಳು ಹುಟ್ಟಿದ ಮೊದಲ ಎರಡು ವರ್ಷದ ಫೋಟೋ, ವಿಡಿಯೋ, ಎಲ್ಲವನ್ನೂ "ಸೇಫ್ ಆಗಿರಲಿ" ಅಂತ ಒಂದು ಡಿಸ್ಕಿಗೆ ಕಟ್ ಪೇಸ್ಟ್ ಮಾಡಿದೆ. ಕಾಪಿ ಅಲ್ಲ, ಕಟ್. ನಾಲ್ಕು ತಿಂಗಳ ನಂತರ ಡಿಸ್ಕ್ ಹಾಕಿದರೆ ವಿಂಡೋಸ್ ಕೇಳುತ್ತದೆ, ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ರಾತ್ರಿ ಹನ್ನೊಂದೂವರೆ, ನಿದ್ದೆಗಣ್ಣು, ಹೂಂ ಅಂತ ಒತ್ತಿದೆ. ಆಮೇಲೆ ಗಾಬರಿಯಲ್ಲಿ ಅದೇ ಡಿಸ್ಕಿಗೆ ಬೇರೆ ಫೈಲು ಹಾಕಿ "ಸರಿ ಹೋಯಿತಾ" ಅಂತ ಪರೀಕ್ಷೆ ಬೇರೆ ಮಾಡಿದೆ. ಮೊದಲಿನ ಆ ಕಟ್ ಸೇರಿ ಒಟ್ಟು ಮೂರು ತಪ್ಪು. ಈಗ ಮಗಳ ಮೊದಲ ಹುಟ್ಟುಹಬ್ಬದ್ದು ಅಂತ ಉಳಿದಿರುವುದು ಮೂರು ನಿಮಿಷದ ಒಂದು ವಿಡಿಯೋ. ಭಾವನಿಗೆ ವಾಟ್ಸಾಪಿನಲ್ಲಿ ಕಳಿಸಿದ್ದೆ, ಅವರು ಡಿಲೀಟ್ ಮಾಡಲು ಸೋಮಾರಿ. ಮಸುಕು ಮಸುಕಾಗಿದೆ, ಕೇಕ್ ಯಾವ ಬಣ್ಣದ್ದು ಅಂತ ಗೊತ್ತಾಗುವುದಿಲ್ಲ.

ನಿಮಗೆ ಹಾಗೆ ಫಾರ್ಮ್ಯಾಟ್ ಪ್ರಶ್ನೆ ಬಂದರೆ ಬೇಡ ಅನ್ನಿ. ಸದ್ದು ಗಿದ್ದು ಇಲ್ಲದೆ ಡಿಸ್ಕ್ ಮಾಮೂಲಾಗಿ ತಿರುಗುತ್ತಿದ್ದರೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗಳಿವೆ. ಬಹಳ ಸಲ ಕೆಲಸ ಮಾಡುತ್ತವೆ. ಸಿಕ್ಕಿದ ಫೈಲನ್ನು ಮಾತ್ರ ಬೇರೆ ಡಿಸ್ಕಿಗೆ ಉಳಿಸಿಕೊಳ್ಳಿ, ಅದಕ್ಕೇ ಅಲ್ಲ.

ಪ್ರಶ್ನೆ: ಸರ, ನಾವು ಹುಬ್ಬಳ್ಳಿ ಕಡೆಯವರು, ವಾಸ್ಕೋದಾಗ ಮದುವೆ ಫೋಟೋ ಸ್ಟುಡಿಯೋ ಐತಿ. ಏಳು ಹಾರ್ಡ್ ಡಿಸ್ಕ್ ಕಪಾಟಿನ್ಯಾಗ ಅದಾವು. ಇಲ್ಲಿ ಮಳೆಗಾಲದಾಗ ಕ್ಯಾಮೆರಾ ಲೆನ್ಸಿಗೂ ಬೂಷ್ಟು ಬರ್ತೈತಿ. ಎಲ್ಲಾ ಎಸ್‌ಎಸ್‌ಡಿಗೆ ಹಾಕಿ ಇಟ್ಟುಬಿಡಲೇನ್ರಿ?
— ಸ್ಟುಡಿಯೋ ಮಾಲೀಕ, ವಾಸ್ಕೋ, ಗೋವಾ

ಎಸ್‌ಎಸ್‌ಡಿ ದಿನದ ಕೆಲಸಕ್ಕೆ ತೆಗೆದುಕೊಳ್ಳಿ, ಬಹಳ ಒಳ್ಳೆಯದು. ಮದುವೆ ಮನೆಯಲ್ಲಿ ಕೈ ಜಾರಿ ಬಿದ್ದರೂ ತಿರುಗುವ ತಟ್ಟೆ ಇಲ್ಲದ್ದರಿಂದ ಹೆದರಿಕೆ ಕಡಿಮೆ. ಆದರೆ ತುಂಬಿಸಿ ಕಪಾಟಿನಲ್ಲಿ ಐದು ವರ್ಷ ಮರೆತುಬಿಡುವುದಕ್ಕೆ ಅದು ಸರಿಯಲ್ಲ. ಎಸ್‌ಎಸ್‌ಡಿಯಲ್ಲಿ ಡೇಟಾ ಅಂದರೆ ಸಣ್ಣ ಸಣ್ಣ ಗೂಡುಗಳಲ್ಲಿ ಕೂಡಿಟ್ಟ ವಿದ್ಯುತ್ ಚಾರ್ಜ್. ಅದು ನಿಧಾನಕ್ಕೆ ಸೋರುತ್ತದೆ, ಸೆಕೆ ಜಾಸ್ತಿ ಇದ್ದಲ್ಲಿ ಇನ್ನೂ ಬೇಗ. ಮನೆಬಳಕೆಯ ಎಸ್‌ಎಸ್‌ಡಿಗೆ ಇರುವ ಕೈಗಾರಿಕಾ ಮಾನದಂಡ ಏನು ಗೊತ್ತಾ? ಬರೆದು ಬರೆದು ಆಯುಷ್ಯ ಮುಗಿದ ಡ್ರೈವ್ ಕೂಡ ಕರೆಂಟಿಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಹಿಡಿದಿಡಬೇಕು. ಹೊಸದು ಅದಕ್ಕಿಂತ ಎಷ್ಟೋ ಜಾಸ್ತಿ ಹಿಡಿಯುತ್ತದೆ, ಗಾಬರಿ ಬೇಡ. ಆದರೂ ಹಳೇ ಮದುವೆಗಳನ್ನು ಇಡಲು ಹಾರ್ಡ್ ಡಿಸ್ಕೇ ಅಗ್ಗ, ಅದೇ ವಾಸಿ.

ತೇವಕ್ಕೆ ಮಾಡಬೇಕಾದ್ದು ನಿಮಗೆ ಗೊತ್ತೇ ಇದೆ. ಲೆನ್ಸಿಗೆ ಮಾಡುವುದನ್ನೇ ಡಿಸ್ಕಿಗೂ ಮಾಡಿ. ಡಿಸ್ಕಿಗೂ ಗಾಳಿಯಾಡಲು ಸೋಸುಪಟ್ಟಿ ಹಾಕಿದ ಒಂದು ಸಣ್ಣ ತೂತು ಇರುತ್ತದೆ, ಪೂರಾ ಮುಚ್ಚಿದ ಡಬ್ಬಿ ಅಲ್ಲ ಅದು. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಬಣ್ಣ ಬದಲಾಗುವ ಜಾತಿಯದ್ದು ತನ್ನಿ, ಬಣ್ಣ ತಿರುಗಿದಾಗ ಒಣಗಿಸಿ ಮತ್ತೆ ಹಾಕಬಹುದು. ಎಸಿ ರೂಮಿನಿಂದ ಹೊರಗೆ ತಂದ ಡಿಸ್ಕನ್ನು ಕೂಡಲೇ ಚಾಲೂ ಮಾಡಬೇಡಿ, ಅರ್ಧ ಗಂಟೆ ಬಿಡಿ. ಆರು ತಿಂಗಳಿಗೊಮ್ಮೆ ಏಳನ್ನೂ ಹಾಕಿ, ಬರೀ ಫೋಲ್ಡರ್ ಕಾಣುತ್ತಿದೆ ಅಂತ ಮುಚ್ಚಬೇಡಿ, ಅಲ್ಲಲ್ಲಿ ನಾಲ್ಕು ಫೋಟೋ ತೆರೆದು ನೋಡಿ.

ಇನ್ನು ನಿಜವಾದ ಪ್ರಶ್ನೆ. ಏಳು ಡಿಸ್ಕಿನಲ್ಲಿ ಏಳು ಬೇರೆ ಬೇರೆ ಮದುವೆಗಳೋ, ಇಲ್ಲಾ ಅದದೇ ಮದುವೆ ಎರಡೆರಡು ಕಡೆಯೋ? ಪತ್ರ ನೋಡಿದರೆ ಮೊದಲನೆಯದು ಅನ್ನಿಸುತ್ತದೆ. ಹಾಗಿದ್ದರೆ ಮೊದಲು ಏಳನ್ನು ಹದಿನಾಲ್ಕು ಮಾಡಿ, ಸಿಲಿಕಾ ಜೆಲ್ ಆಮೇಲೆ. ಒಂದು ಕಟ್ಟು ಸ್ಟುಡಿಯೋದಲ್ಲಿ, ಒಂದು ಕಟ್ಟು ಮನೆಯಲ್ಲಿ. ಕಾಪಿ ಮಾಡುವಾಗ ಟೆರಾಕಾಪಿಯಂಥ ಸಾಫ್ಟ್‌ವೇರ್ ಬಳಸಿ, ವೆರಿಫೈ ಅಂತ ಒಂದು ಗುರುತು ಇರುತ್ತದೆ, ಅದನ್ನು ಹಾಕಿ. ಎರಡೂ ಕಡೆ ಫೈಲು ಅಕ್ಷರಶಃ ಒಂದೇ ಇದೆಯಾ ಅಂತ ತಾನೇ ತಾಳೆ ನೋಡುತ್ತದೆ. ಎರಡು ಕಾಪಿ ಆಗುವವರೆಗೆ ಕ್ಯಾಮೆರಾದ ಕಾರ್ಡ್ ಅಳಿಸಬೇಡಿ, ಮಾರನೇ ದಿನ ಇನ್ನೊಂದು ಮುಹೂರ್ತ ಇದ್ದರೂ ಸರಿ. ಇನ್ನೆರಡು ಕಾರ್ಡ್ ಖರೀದಿ ಮಾಡಿ. ವಧುವಿನ ಅಪ್ಪನಿಗೆ ಫೋನ್ ಮಾಡಿ "ಫೋಟೋ ಹೋಗ್ಯಾವ್ರೀ" ಅನ್ನುವುದಕ್ಕಿಂತ ಅಗ್ಗ.

ಪ್ರಶ್ನೆ: ನಮ್ಮದೆಲ್ಲ ಗೂಗಲ್ ಫೋಟೋಸ್‌ನಲ್ಲಿದೆ. ಡಿಸ್ಕ್ ಗಿಸ್ಕ್ ಯಾಕೆ ಬೇಕು?
— ನಿವೃತ್ತ ಬ್ಯಾಂಕ್ ನೌಕರ, ಠಾಣೆ

ಇರಲಿ, ಅದೂ ಒಂದು ಕಾಪಿ. ಆದರೆ ಫೋನಿನ ಗೂಗಲ್ ಫೋಟೋಸ್‌ನಲ್ಲಿ ಒಂದು ಫೋಟೋ ಡಿಲೀಟ್ ಮಾಡಿದರೆ ಗೂಗಲ್ ಹತ್ತಿರ ಇರುವ ಕಾಪಿಯೂ ಡಿಲೀಟ್ ಆಗುತ್ತದೆ. ಮೊಮ್ಮಗ ಆಟಕ್ಕೆ ಜಾಗ ಮಾಡಿಕೊಳ್ಳಲು ಇನ್ನೂರು ಫೋಟೋ ಅಳಿಸಿದ ಅಂತ ಇಟ್ಟುಕೊಳ್ಳಿ, ಟ್ರ್ಯಾಶ್‌ನಲ್ಲಿ ಕೆಲವು ವಾರ ಇರುತ್ತದೆ, ಆಮೇಲೆ ಇಲ್ಲ. 2021ರ ಜೂನ್ 1ರಿಂದ ಫೋಟೋಗಳೂ ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯೊಳಗೇ ಲೆಕ್ಕ, ಮೇಲ್ ಸೇರಿಸಿ. ಇನ್ನೊಂದು ಬಹಳ ಜನಕ್ಕೆ ಗೊತ್ತಿಲ್ಲ: ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಬಹುದು, 2023ರ ಡಿಸೆಂಬರಿನಿಂದ ಈ ನಿಯಮ ಜಾರಿಯಲ್ಲಿದೆ. ತೀರಿಕೊಂಡವರ ಖಾತೆಯಲ್ಲಿ ಫೋಟೋ ಇದ್ದರೆ ನೆನಪಿಡಿ. ನೀವು ಬ್ಯಾಂಕಿನವರು, ನಾಮಿನಿ ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಗೂಗಲ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಅಂತ ಇದೆ, ಅದು ಹೆಚ್ಚುಕಡಿಮೆ ಅದೇ. ಮತ್ತೆ ವರ್ಷಕ್ಕೊಮ್ಮೆ ಗೂಗಲ್ ಟೇಕ್‌ಔಟ್‌ನಿಂದ ಎಲ್ಲವನ್ನೂ ಇಳಿಸಿ ಒಂದು ಡಿಸ್ಕಿಗೆ ಹಾಕಿ. ಹೌದು, ಡಿಸ್ಕು ಬೇಕು.

ಪ್ರಶ್ನೆ: ಮೂರು ಕಾಪಿ ಇಡಬೇಕು, ಒಂದು ಮನೆಯ ಹೊರಗಿರಬೇಕು ಅಂತ ಎಲ್ಲೋ ಓದಿದೆ. ಮುಂಬಯಿಯ ಒಂದು ಕೋಣೆ ಮನೆಯವರಿಗೆ ಮನೆಯ ಹೊರಗೆ ಅಂದರೆ ಎಲ್ಲಿ?
— ಓದುಗ, ಮಾಟುಂಗಾ

ನೀವು ಓದಿದ್ದು 3-2-1 ಸೂತ್ರ. ಪೀಟರ್ ಕ್ರೋಗ್ ಅನ್ನುವ ಅಮೆರಿಕದ ಫೋಟೋಗ್ರಾಫರ್ ಇದನ್ನು ಬಳಕೆಗೆ ತಂದವರು. ಮೂರು ಕಾಪಿ, ಎರಡು ಬಗೆಯ ಸಾಧನ, ಒಂದು ಬೇರೆ ಜಾಗದಲ್ಲಿ. ಬೇರೆ ಜಾಗ ಯಾಕೆ ಅಂತ ಮುಂಬಯಿಯವರಿಗೆ ಹೇಳಬೇಕಾ? 2005ರ ಜುಲೈ 26, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಅವತ್ತು ನೆಲಮಹಡಿಯ ಎಷ್ಟು ಮನೆಗಳಲ್ಲಿ ಕಂಪ್ಯೂಟರ್ ಪೆಟ್ಟಿಗೆಯೂ, ಅದರ ಪಕ್ಕದಲ್ಲೇ ಇಟ್ಟ ಸಿಡಿಗಳ ಡಬ್ಬಿಯೂ ಒಟ್ಟಿಗೇ ನೀರಿಗೆ ಹೋದವು.

ನಮಗೆ ಮನೆಯ ಹೊರಗೆ ಅಂದರೆ ಊರು. ಉಡುಪಿಯೋ, ಕುಂದಾಪುರವೋ, ಕಾರವಾರವೋ, ಅಮ್ಮನ ಗೋದ್ರೆಜ್ ಕಪಾಟು. ಮೇ ರಜೆಯಲ್ಲಿ ಹೋಗುವಾಗ ಹೊಸ ಕಾಪಿಯ ಡಿಸ್ಕ್ ಒಯ್ಯಿರಿ, ಅಲ್ಲಿರುವ ಹಳೆಯದನ್ನು ತನ್ನಿ, ಮುಂದಿನ ಚೌತಿಗೆ ಮತ್ತೆ ಅದಲುಬದಲು. ಎರಡು ಡಿಸ್ಕ್ ಹೀಗೆ ಮತ್ಸ್ಯಗಂಧ ರೈಲಿನಲ್ಲಿ ಓಡಾಡಿಕೊಂಡಿರಲಿ. ಸೀಟಿನ ಕೆಳಗಿನ ಸೂಟ್‌ಕೇಸಿನಲ್ಲಿ ಅಲ್ಲ, ಕೈಚೀಲದಲ್ಲಿ, ಒಂದು ಟವೆಲ್ ಸುತ್ತಿ. ಬರುವಾಗ ಉಪ್ಪಿನಕಾಯಿ ಭರಣಿಯ ಜೊತೆ ಒಂದೇ ಚೀಲದಲ್ಲಿ ಹಾಕಬೇಡಿ, ಹೇಳಿದ್ದೇನೆ. ಊರಲ್ಲಿ ಯಾರೂ ಇಲ್ಲದಿದ್ದರೆ ತಂಗಿ ಮನೆ, ಆಫೀಸಿನ ಡ್ರಾಯರ್, ಬ್ಯಾಂಕ್ ಲಾಕರ್. ಡಿಸ್ಕಿನ ಮೇಲೆ ತಾರೀಕು ಬರೆದ ಚೀಟಿ ಅಂಟಿಸಿ, ಇಲ್ಲದಿದ್ದರೆ ಅಮ್ಮ ಯಾವುದೋ ಚಾರ್ಜರ್ ಇರಬೇಕು ಅಂತ ಮೊಮ್ಮಕ್ಕಳ ಕೈಗೆ ಕೊಟ್ಟಾರು. ಆಧಾರ್, ಪ್ಯಾನ್, ಮನೆ ಕಾಗದದ ಸ್ಕ್ಯಾನ್ ಇದ್ದರೆ ವೆರಾಕ್ರಿಪ್ಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಪಾಸ್‌ವರ್ಡ್ ಇರುವ ಒಂದು ಬೀಗದ ಪೆಟ್ಟಿಗೆ ಮಾಡಿ ಅದರೊಳಗೆ ಇಡಿ. ಪಾಸ್‌ವರ್ಡನ್ನು ಆ ಚೀಟಿಯಲ್ಲೇ ಬರೆಯಬೇಡಿ.

ಪ್ರಶ್ನೆ: ಆನ್‌ಲೈನಿನಲ್ಲಿ 16 ಟಿಬಿ ಎಸ್‌ಎಸ್‌ಡಿ ಒಂದೂವರೆ ಸಾವಿರಕ್ಕೆ ಸಿಕ್ಕಿತು. ಕಂಪ್ಯೂಟರಿನಲ್ಲಿ 16 ಟಿಬಿ ಅಂತಲೇ ತೋರಿಸುತ್ತಿದೆ. ಇದಕ್ಕೇ ಎಲ್ಲವನ್ನೂ ಹಾಕಿಡಬಹುದಲ್ವಾ?
— ಕಾಲೇಜು ವಿದ್ಯಾರ್ಥಿ, ಪಿಂಪ್ರಿ

ತಮ್ಮಾ, ಆ ದುಡ್ಡಿಗೆ ಒಳ್ಳೆಯ ಪೆನ್ ಡ್ರೈವ್ ಬರುತ್ತದೆ ಅಷ್ಟೇ. ಕಂಪ್ಯೂಟರಿಗೆ ಸುಳ್ಳು ಹೇಳುವ ಹಾಗೆ ಅದರ ಚಿಪ್ಪನ್ನು ತಿದ್ದಿರುತ್ತಾರೆ. ನಿಜವಾಗಿ ಇರುವುದು 64 ಜಿಬಿಯೋ 128 ಜಿಬಿಯೋ. ಅದು ತುಂಬಿದ ಮೇಲೆ ನೀನು ಹಾಕಿದ್ದೆಲ್ಲ ಹಳೆಯದರ ಮೇಲೇ ಬರೆದುಕೊಳ್ಳುತ್ತದೆ, ಇಲ್ಲಾ ಗಾಳಿಗೆ ಹೋಗುತ್ತದೆ. ಫೈಲಿನ ಹೆಸರು ಕಾಣುತ್ತದೆ, ತೆರೆದರೆ ಏನೂ ಇಲ್ಲ. ಇಂಥ ಡಬ್ಬಿ ಬಿಚ್ಚಿ ನೋಡಿದವರಿಗೆ ಒಳಗೆ ಬೋರ್ಡಿಗೆ ಸಿಕ್ಕಿಸಿದ ಒಂದು ಮೆಮೊರಿ ಕಾರ್ಡ್ ಸಿಕ್ಕಿದ್ದುಂಟು. ಎಚ್‌2ಟೆಸ್ಟ್‌ಡಬ್ಲ್ಯು ಅಂತ ಜರ್ಮನಿಯ ಒಂದು ಪುಟ್ಟ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಡ್ರೈವ್ ಖಾಲಿ ಇರುವಾಗ ಅದನ್ನು ಓಡಿಸು, ಪೂರ್ತಿ ತುಂಬಿಸಿ ಮತ್ತೆ ಓದಿ ಎಷ್ಟು ಜಿಬಿ ನಿಜ ಅಂತ ಹೇಳುತ್ತದೆ. 16 ಟಿಬಿ ಮುಗಿಯುವವರೆಗೆ ಕಾಯಬೇಕಾಗಿಲ್ಲ, 200 ಜಿಬಿಗೆ ಪರೀಕ್ಷೆ ಮಾಡಿದರೆ ಸಾಕು. ವಾಪಸ್ ಕೊಡಲು ಇನ್ನೆಷ್ಟು ದಿನ ಬಾಕಿ ಇದೆ ಅಂತ ಆರ್ಡರಿನಲ್ಲಿ ನೋಡಿಕೊ. ಪರೀಕ್ಷೆ ಇವತ್ತು ರಾತ್ರಿಯೇ ಹಾಕಿ ಮಲಗು.